ಚಿತ್ ಆಗುವ ಮುನ್ನ: ಹಳಿಯಾಳ ಸೀಮೆಯಲ್ಲಿ ಕುಸ್ತಿ ನೋಡುವ ಬಗೆ

ಎದುರಾಳಿಯ ಎರಡೂ ಭುಜಗಳನ್ನು ಒಟ್ಟಿಗೆ ನೆಲಕ್ಕೆ ತಾಗಿಸುವುದು ಕುಸ್ತಿಯ ಗುರಿ. ಹಳಿಯಾಳ ಸೀಮೆಯಲ್ಲಿ ಇದಕ್ಕೆ ಚಿತ್ ಮಾಡುವುದು ಎನ್ನುತ್ತಾರೆ. ಹೊಸದಾಗಿ ನೋಡಲು ಬಂದವರು ಈ ಒಂದು ಕ್ಷಣಕ್ಕಾಗಿ ಕಾದು ಕೂರುತ್ತಾರೆ, ಅದಕ್ಕೂ ಮೊದಲಿನ ಹತ್ತು ನಿಮಿಷ ಅವರಿಗೆ ಬರಿಯ ತಳ್ಳಾಟ. ಅಖಾಡದ ಅಂಚಿನಲ್ಲಿ ಕೂತ ಹಳಬರು ಹಾಗೆ ನೋಡುವುದಿಲ್ಲ. ಪೈಲ್ವಾನನ ಬೆನ್ನು ನೆಲ ಮುಟ್ಟುವ ಎಷ್ಟೋ ಮೊದಲು, ಅವನ ಮುಂಗಾಲಿಗೆ ಭಾರ ಬಿದ್ದ ಕೂಡಲೇ, 'ಹೋತು' ಎಂದುಬಿಡುತ್ತಾರೆ. ಅವರ ಕಣ್ಣು ಇರುವುದು ಕಾಲಿನ ಮೇಲೆ. ಕುಸ್ತಿಯ ರಸ ತಿಳಿಯಬೇಕಾದರೆ ಮೊದಲು ಕಲಿಯಬೇಕಾದದ್ದು ಇದನ್ನೇ. ಬೀಳುವುದು ಕೊನೆಯ ಮಾತು, ಅದಕ್ಕೆ ಕಾರಣವಾದದ್ದು ಹಿಂದೆಯೇ ನಡೆದುಹೋಗಿರುತ್ತದೆ.

ಸೀಮೆ

ಹಳಿಯಾಳ ಇರುವುದು ಮಲೆನಾಡು ಮುಗಿದು ಬಯಲುಸೀಮೆ ತೆರೆದುಕೊಳ್ಳುವ ಅಂಚಿನಲ್ಲಿ. ಪೂರ್ವಕ್ಕೆ ಧಾರವಾಡ ಮತ್ತು ಕಲಘಟಗಿ, ಉತ್ತರಕ್ಕೆ ಖಾನಾಪುರ ದಾಟಿದರೆ ಬೆಳಗಾವಿ, ಪಶ್ಚಿಮಕ್ಕೆ ದಾಂಡೇಲಿ ಮತ್ತು ಜೋಯಿಡಾದ ಕಾಡು. ಭತ್ತ, ಕಬ್ಬು, ಮೆಕ್ಕೆಜೋಳ, ಹತ್ತಿ ಬೆಳೆಯುವ ಹಳ್ಳಿಗಳು. ಮನೆಮಾತು ಕೆಲವೆಡೆ ಕನ್ನಡ, ಕೆಲವೆಡೆ ಮರಾಠಿ. ಇಲ್ಲಿಯ ಕುಸ್ತಿಯ ಮಾತುಗಳಲ್ಲಿಯೂ ಈ ಬೆರಕೆ ಕಾಣುತ್ತದೆ. ಕಲಿಯುವ ಮನೆ ಗರಡಿಯೂ ಹೌದು, ತಾಲೀಮೂ ಹೌದು. ಕಲಿಸುವವನು ವಸ್ತಾದ, ಪಟ್ಟಿಗೆ ಡಾವು, ಊಟಕ್ಕೆ ಖುರಾಕು. ಬೆಳಗಾವಿಯ ಮೂಲಕ ಕೊಲ್ಹಾಪುರದ ಅಖಾಡಗಳೊಂದಿಗೆ ಬೆಳೆದ ನಂಟು ಈ ಶಬ್ದಗಳಲ್ಲಿ ಉಳಿದಿದೆ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರ ಕಾಲದಲ್ಲಿ, 1912ರಲ್ಲಿ, ಖಾಸಬಾಗ್ ಕುಸ್ತಿ ಮೈದಾನ ಸಿದ್ಧವಾದ ಮೇಲೆ ಗಡಿಯ ಎರಡೂ ಬದಿಯ ಪೈಲ್ವಾನರಿಗೆ ಅಲ್ಲಿ ಜೋಡಿ ಸಿಗುವುದೇ ಒಂದು ಗೌರವವಾಯಿತು.

ಈ ಸೀಮೆಯ ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ತಾಲ್ಲೂಕುಗಳು ಕುಸ್ತಿಯ ಲೆಕ್ಕದಲ್ಲಿ ಒಂದೇ ಅಲ್ಲ. ಗರಡಿಯ ಬಲ ಇರುವುದು ಹಳಿಯಾಳದಲ್ಲಿ. ಮುಂಡಗೋಡ ಬಯಲಿನ ಕಡೆಗೆ ವಾಲಿದ ತಾಲ್ಲೂಕು. ದಾಂಡೇಲಿ ಕಾಗದ ಕಾರ್ಖಾನೆಯ ಸುತ್ತ ಬೆಳೆದ ಊರು. ಜೋಯಿಡಾದಲ್ಲಿ ಊರೂರಿನ ನಡುವೆ ಕಾಡು, ವರ್ಷದ ನಾಲ್ಕು ತಿಂಗಳು ಜಡಿಮಳೆ. ಬಯಲಿನಲ್ಲಿ ಮಣ್ಣಿನ ಅಖಾಡ ಹೂಡುವುದು ಅಂಥ ಮಳೆಯಲ್ಲಿ ಆಗದ ಮಾತು. ಹಾಗಾಗಿ ಸುಗ್ಗಿ ಮುಗಿದ ಮೇಲೆ, ಜಾತ್ರೆಗಳ ಜೊತೆಗೆ, ಇಲ್ಲಿ ಕುಸ್ತಿಯ ಹಂಗಾಮು ಶುರುವಾಗುತ್ತದೆ. ಮಳೆಗಾಲದ ಅಭ್ಯಾಸವೆಲ್ಲ ಸೂರಿನಡಿಯಲ್ಲೇ.

ಹಳಿಯಾಳದಲ್ಲಿ ರಾಜ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯವಿದೆ, ಅದು ಕುಸ್ತಿಗೆ ಹೆಸರಾದದ್ದು. ವಿ.ಆರ್. ದೇಶಪಾಂಡೆ ಸ್ಮಾರಕ ಟ್ರಸ್ಟ್ ಈ ಊರಿನಲ್ಲಿ ನಡೆಸಿದ ರಾಷ್ಟ್ರಮಟ್ಟದ ಪಂದ್ಯಾವಳಿಗಳಿಗೆ ಹೊರರಾಜ್ಯಗಳ ಪೈಲ್ವಾನರೂ ಬಂದಿದ್ದಾರೆ. ಒಂದೇ ಊರಿನಲ್ಲಿ ಮಣ್ಣು, ಮ್ಯಾಟು ಎರಡನ್ನೂ ನೋಡಬಹುದಾದ್ದರಿಂದ ಕುಸ್ತಿ ನೋಡುವುದನ್ನು ಕಲಿಯಲು ಇದಕ್ಕಿಂತ ಅನುಕೂಲದ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಮಣ್ಣು

ಅಖಾಡದ ಮಣ್ಣು ಹೊಲದಿಂದ ತಂದು ಸುರಿದ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಹರಳು ತೆಗೆದು, ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಬೆರೆಸಿ ಹದ ಮಾಡಿರುತ್ತಾರೆ. ತರಚಿದ ಗಾಯ ಕೀವಾಗದಿರಲಿ, ಬಿದ್ದಾಗ ಎಲುಬಿಗೆ ಪೆಟ್ಟಾಗದಿರಲಿ ಎಂಬುದು ಉದ್ದೇಶ. ಪ್ರತಿದಿನ ಅಭ್ಯಾಸಕ್ಕೆ ಮುನ್ನ ಹುಡುಗರೇ ಸಲಿಕೆ ಹಿಡಿದು ಇದನ್ನು ಅಗೆದು ಸಡಿಲಿಸುತ್ತಾರೆ. ಅದೂ ಒಂದು ಸಾಮು. ಭುಜ, ಸೊಂಟ, ಹಿಡಿ ಮೂರೂ ಅದರಲ್ಲಿ ಪಳಗುತ್ತವೆ.

ಜಾತ್ರೆಯ ಮೈದಾನದಲ್ಲಿ ಮೊದಲು ಚಿಕ್ಕ ಹುಡುಗರ ಕುಸ್ತಿ, ಹೊತ್ತು ಇಳಿದಂತೆ ದೊಡ್ಡ ಜೋಡಿಗಳು, ಕೊನೆಗೆ ಎಲ್ಲರೂ ಕಾದಿರುವ ಜಂಗಿ ಕುಸ್ತಿ. ಜೋಡಿ ಕಟ್ಟುವುದು ಹಿರಿಯರ ಕೆಲಸ. ತಕ್ಕಡಿ ಇಲ್ಲದ ಕಡೆ ಅವರು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, ಭುಜದ ಅಗಲ, ತೊಡೆಯ ದಪ್ಪ, ಕುತ್ತಿಗೆಯ ಗಾತ್ರವನ್ನು ಕಣ್ಣಲ್ಲೇ ತೂಗುತ್ತಾರೆ. ಜೋಡಿ ತಪ್ಪಾಗಿ ಕಟ್ಟಿದರೆ ಜನ ಕೂಗಿ ಹೇಳುತ್ತಾರೆ. ಹೊಸಬರು ಕಣ್ಣು ಪಳಗಿಸಿಕೊಳ್ಳಲು ಒಳ್ಳೆಯ ಹೊತ್ತು ಇದೇ. ಹಲಗೆಯ ಬಡಿತ ಶುರುವಾಗುವ ಮೊದಲೇ ಇವರಿಬ್ಬರಲ್ಲಿ ಯಾರ ಬಲ ಕಾಲಲ್ಲಿದೆ, ಯಾರದು ತೋಳಲ್ಲಿದೆ ಎಂದು ಊಹಿಸಿಟ್ಟುಕೊಂಡರೆ ಮುಂದಿನದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಲಾಮಿಯಾದ ಮೇಲೆ ಇಬ್ಬರೂ ಒಂದು ಹಿಡಿ ಮಣ್ಣು ತೆಗೆದು ಒಬ್ಬರ ಮೈಗೆ ಒಬ್ಬರು ಸವರುತ್ತಾರೆ. ಬೆವರಿಗೆ ಕೈ ಜಾರದಿರಲು ಇದು ಬೇಕು, ಎದುರಾಳಿಗೂ ತನ್ನಷ್ಟೇ ಹಿಡಿತ ಸಿಗಲಿ ಎಂಬ ಮರ್ಯಾದೆಯೂ ಅದರಲ್ಲಿದೆ. ನಂತರ ಒಂದು ಕೈ ಎದುರಾಳಿಯ ಕುತ್ತಿಗೆಯ ಹಿಂದೆ, ಇನ್ನೊಂದು ಅವನ ಮೊಣಕೈ ಮೇಲೆ, ಹಣೆಗೆ ಹಣೆ. ಹೊಸಬರಿಗೆ ಬೇಸರ ತರಿಸುವುದು ಈ ಭಾಗವೇ, ಎಲ್ಲಕ್ಕಿಂತ ಹೆಚ್ಚು ನಡೆಯುವುದೂ ಇಲ್ಲಿಯೇ.

ಹತ್ತಿರದಿಂದ ನೋಡಿದರೆ ಆಗುವುದಿಷ್ಟು. ಒಬ್ಬ ಎದುರಾಳಿಯ ಕುತ್ತಿಗೆಯನ್ನು ಕೆಳಕ್ಕೆ ಜಗ್ಗುತ್ತಾನೆ. ಜಗ್ಗಿಸಿಕೊಂಡವನು ಬಗ್ಗಬಾರದೆಂದು ತಲೆಯನ್ನು ಮೇಲಕ್ಕೆ ಒತ್ತುತ್ತಾನೆ. ಜಗ್ಗುತ್ತಿದ್ದವನು ಒಮ್ಮೆಲೇ ಕೈ ಸಡಿಲಿಸಿದರೆ ಆ ಒತ್ತಡಕ್ಕೆ ಎದುರಾಳಿಯ ಎದೆ ನೆಟ್ಟಗಾಗಿ ಸೊಂಟದ ಕೆಳಗೆ ಜಾಗ ತೆರೆಯುತ್ತದೆ. ಅಷ್ಟರಲ್ಲಿ ಇವನು ಮಂಡಿ ಮಡಿಸಿ ಒಳಗೆ ನುಗ್ಗಿ ಒಂದು ಕಾಲನ್ನು ಎದೆಗೆ ಅಪ್ಪಿರುತ್ತಾನೆ. ಇದೇ ಏಕೇರಿ ಪಟ್. ನುಗ್ಗಿದ್ದು ಎಲ್ಲರಿಗೂ ಕಂಡಿತು. ಹಳಬರು ನೋಡಿದ್ದು ಮೊದಲಿನ ಜಗ್ಗಾಟವನ್ನು, ಮತ್ತು ಅದಕ್ಕೆ ಎದುರಾಳಿ ಕೊಟ್ಟ ಉತ್ತರವನ್ನು. ಎರಡು ಸಲ ಜಗ್ಗಿ ಸುಮ್ಮನಾದದ್ದು ಮೂರನೆಯ ಸಲಕ್ಕೆ ಹಾಕಿದ ಬಲೆ.

ಕಾಲಿನ ಸೂತ್ರ ಇನ್ನೂ ಸರಳ. ಭಾರ ಬಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಾಗದು. ಆದ್ದರಿಂದ ಒಳ್ಳೆಯ ಪೈಲ್ವಾನ ಹೆಜ್ಜೆ ಎತ್ತಿಡುವುದಿಲ್ಲ, ನೆಲಕ್ಕೆ ಸವರಿದಂತೆ ಜರುಗಿಸುತ್ತಾನೆ. ಎರಡು ಪಾದ ಒಂದೇ ಗೆರೆಗೆ ಬರಗೊಡುವುದಿಲ್ಲ. ದಣಿವು ಮೊದಲು ತಿಳಿಯುವುದೂ ಪಾದದಲ್ಲೇ: ಹಿಮ್ಮಡಿ ನೆಲಕ್ಕೆ ಅಂಟತೊಡಗುತ್ತದೆ, ಮಂಡಿಯ ಬಾಗು ಕಡಿಮೆಯಾಗುತ್ತದೆ.

ಪಟ್ಟುಗಳ ಹೆಸರು ನೂರಾರು. ಎಲ್ಲ ಗೊತ್ತಿರಬೇಕೆಂದಿಲ್ಲ, ನಾಲ್ಕೈದು ಗುರುತಿದ್ದರೆ ಸಾಕು. ಧೋಬಿ ಪಛಾಡದಲ್ಲಿ ಎದುರಾಳಿಯ ತೋಳನ್ನು ಹೆಗಲ ಮೇಲೆ ಹೇರಿಕೊಂಡು, ಅಗಸ ಬಟ್ಟೆ ಒಗೆದಂತೆ ಮುಂದಕ್ಕೆ ಬಡಿಯುತ್ತಾರೆ. ಕಲಾಜಂಗದಲ್ಲಿ ಕೆಳಗೆ ನುಸುಳಿ ಅವನನ್ನು ಭುಜದ ಮೇಲೆ ಅಡ್ಡಲಾಗಿ ಹೊತ್ತು ಉರುಳಿಸುವುದು. ಢಾಕ್‌ನಲ್ಲಿ ತೋಳನ್ನು ಮೇಲಿನಿಂದ ಕಂಕುಳಲ್ಲಿ ಬಿಗಿದು ಸೊಂಟ ತಿರುಗಿಸಿ ಎಸೆಯುತ್ತಾರೆ. ನೆಲಕ್ಕೆ ಬಂದ ಮೇಲೆ ಲಂಗೋಟಿಗೆ ಕೈ ಹಾಕಿ ಉರುಳಿಸುವ ಘಿಸ್ಸಾ. ಇವುಗಳಲ್ಲಿ ಢಾಕ್ ಅತ್ಯಂತ ಚೆಲುವಾದದ್ದು, ಅತ್ಯಂತ ಅಪಾಯದ್ದೂ ಹೌದು. ಬೆನ್ನು ತಿರುಗಿಸಿದವನ ಸೊಂಟ ಒಂದು ಗೇಣು ಹಿಂದೆ ಉಳಿದರೆ ಎಸೆಯಹೋದವನೇ ಕೆಳಗಾಗುತ್ತಾನೆ.

ಮ್ಯಾಟು

ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಎರಡು ಬಗೆಗಳಿವೆ. ಗ್ರೀಕೊ-ರೋಮನ್‌ನಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲನ್ನು ಪಟ್ಟಿಗೆ ಬಳಸುವಂತಿಲ್ಲ. ಫ್ರೀಸ್ಟೈಲ್‌ನಲ್ಲಿ ಎರಡಕ್ಕೂ ಅವಕಾಶವಿದೆ. ಕಾಲು ಹಿಡಿಯುವ ಮಣ್ಣಿನ ಕುಸ್ತಿಗೆ ಫ್ರೀಸ್ಟೈಲ್ ಹತ್ತಿರದ ನೆಂಟ, ಹಾಗಾಗಿ ಗರಡಿಯ ಹುಡುಗರು ಹೆಚ್ಚಾಗಿ ಅತ್ತ ಹೋಗುತ್ತಾರೆ. ಆದರೆ ಗ್ರೀಕೊ-ರೋಮನ್ ನಮ್ಮದಲ್ಲ ಎನ್ನುವಂತಿಲ್ಲ. ಬಾಗಲಕೋಟೆಯ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು 55 ಕೆ.ಜಿ. ಗ್ರೀಕೊ-ರೋಮನ್‌ನಲ್ಲಿ.

ಸ್ಪರ್ಧೆಯ ಅಂಗಳ 9 ಮೀಟರ್ ಅಡ್ಡಳತೆಯ ವೃತ್ತ, ಅದರ ಅಂಚಿನ ಒಂದು ಮೀಟರ್ ಬೇರೆ ಬಣ್ಣದ ಪಟ್ಟಿ. ಒಬ್ಬರಿಗೆ ಕೆಂಪು ಉಡುಪು, ಇನ್ನೊಬ್ಬರಿಗೆ ನೀಲಿ. ರೆಫರಿಯ ಒಂದು ತೋಳಿನ ತುದಿ ಕೆಂಪು, ಇನ್ನೊಂದು ನೀಲಿ: ಅಂಕ ಯಾರಿಗೋ ಆ ಬಣ್ಣದ ಕೈ ಮೇಲೇಳುತ್ತದೆ, ಎಷ್ಟು ಬೆರಳೋ ಅಷ್ಟು ಅಂಕ. ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ವಿಶ್ರಾಂತಿ. ವೃತ್ತದ ಹೊರಗೆ ತಳ್ಳಿದರೆ 1 ಅಂಕ. ನಿಂತವನನ್ನು ನೆಲಕ್ಕೆ ತಂದು ಹಿಂದೆ ಬಂದು ಹಿಡಿದರೆ 2. ಬೆನ್ನನ್ನು ಮ್ಯಾಟಿನ ಕಡೆಗೆ ತಿರುಗಿಸಿದರೆ ಪ್ರತಿ ಸಲವೂ 2. ನಿಂತಲ್ಲಿಂದ ನೇರ ಬೆನ್ನ ಮೇಲೆ ಬೀಳಿಸಿದರೆ 4, ಎತ್ತರದ ಕಮಾನಿನಲ್ಲಿ ಎಸೆದರೆ 5. ಫ್ರೀಸ್ಟೈಲ್‌ನಲ್ಲಿ ಅಂತರ 10 ಮುಟ್ಟಿದರೆ ಅಲ್ಲಿಗೇ ಮುಗಿಯಿತು. ಎಷ್ಟು ಹಿಂದಿದ್ದರೂ ಚಿತ್ ಮಾಡಿದವರಿಗೆ ಗೆಲುವು.

ಮಣ್ಣಿನಿಂದ ಬಂದವರು ಮ್ಯಾಟಿನಲ್ಲಿ ಸೋಲುವುದು ಹೆಚ್ಚಾಗಿ ಹಳೆಯ ರೂಢಿಯಿಂದ. ಮಣ್ಣಿನಲ್ಲಿ ಕೆಳಗೆ ಬಿದ್ದವನು ಮಕಾಡೆ ಮಲಗಿ, ಕೈಕಾಲು ಚಾಚಿ, ಉಸಿರು ತಿರುಗಿಸಿಕೊಳ್ಳಬಹುದು. ಚಿತ್ ಆಗುವವರೆಗೆ ಏನೂ ಕಳೆದಿಲ್ಲ. ಮ್ಯಾಟಿನಲ್ಲಿ ಹಾಗೆ ಮಲಗಿದವನ ಕಾಲುಗಳನ್ನು ಹೆಣೆದು ಹಿಡಿದು ಹೊರಳಿಸುತ್ತಾ ಹೋದರೆ ಒಂದೊಂದು ಹೊರಳಿಗೂ ಎರಡೆರಡು ಅಂಕ. ಉತ್ತರದ ಪೈಲ್ವಾನರು ಫಿತಲೆ ಎಂದು ಕರೆಯುವ ಈ ಪಟ್ಟಿನಿಂದಲೇ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಯೋಗೇಶ್ವರ ದತ್ ಕಂಚಿನ ಕುಸ್ತಿಯ ಕೊನೆಯ ಸುತ್ತನ್ನು ಗೆದ್ದರು. ಲಂಗೋಟಿ ಹಿಡಿಯುವ ಕೈಯನ್ನೂ ಮರೆಯಬೇಕು: ಮ್ಯಾಟಿನಲ್ಲಿ ಎದುರಾಳಿಯ ಉಡುಪು ಹಿಡಿಯುವುದು ತಪ್ಪು. ಕಾಯುವ ಗುಣವೂ ಇಲ್ಲಿ ನಡೆಯದು. ಎಚ್ಚರಿಕೆ ಕೊಟ್ಟ ಮೇಲೂ ಮುನ್ನುಗ್ಗದವರಿಗೆ ಫ್ರೀಸ್ಟೈಲ್‌ನಲ್ಲಿ 30 ಸೆಕೆಂಡಿನ ಗಡುವು, ಅಷ್ಟರಲ್ಲಿ ಇಬ್ಬರಿಗೂ ಅಂಕ ಬರದಿದ್ದರೆ ಎದುರಾಳಿಗೆ 1.

ಅಂಕ ಸಮವಾದರೆ ಗೆಲುವು ಯಾರದು ಎಂಬುದು ಹೊಸಬರ ದೊಡ್ಡ ಗೊಂದಲ. ಮೊದಲು ನೋಡುವುದು ಯಾರ ಪಟ್ಟಿಗೆ ಹೆಚ್ಚು ಬೆಲೆ ಎಂಬುದನ್ನು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 50 ಕೆ.ಜಿ. ವಿಭಾಗದಲ್ಲಿ ವಿನೇಶ್ ಫೋಗಟ್ ಎದುರಿಸಿದ್ದು ಹೊರದೇಶದ ಯಾರಿಗೂ ಸೋಲದಿದ್ದ ಜಪಾನಿನ ಯುಇ ಸುಸಾಕಿಯನ್ನು. ಸುಸಾಕಿಗೆ ಬಂದ ಎರಡೂ ಅಂಕ ವಿನೇಶ್ ಮುನ್ನುಗ್ಗದಿದ್ದುದಕ್ಕೆ ಒಂದೊಂದಾಗಿ ಸಿಕ್ಕವು. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ವಿನೇಶ್ ಒಂದೇ ಪಟ್ಟಿನಲ್ಲಿ 2 ಅಂಕ ತೆಗೆದರು. ಫಲಕದಲ್ಲಿ 2-2, ಗೆಲುವು ವಿನೇಶ್ ಕಡೆಗೆ. ಜಪಾನಿನವರು ಮರುಪರಿಶೀಲನೆ ಕೇಳಿದರು, ಅದು ಬಿದ್ದುಹೋದ್ದರಿಂದ ಇನ್ನೊಂದು ಅಂಕ ಸೇರಿ 3-2 ಆಯಿತು. ಐದೂವರೆ ನಿಮಿಷ ವಿನೇಶ್ ಹಿಂಜರಿಯುತ್ತಿದ್ದಾರೆ ಎಂದುಕೊಂಡವರಿಗೆ ಈ ಕುಸ್ತಿ ಅರ್ಥವಾಗಲಿಲ್ಲ. ಸುಸಾಕಿಯ ವೇಗಕ್ಕೆ ಜಾಗ ಕೊಡದೆ, ಒಂದೊಂದೇ ಅಂಕ ಬಿಟ್ಟುಕೊಟ್ಟು, ಒಂದೇ ಪಟ್ಟಿಗಾಗಿ ಬಲ ಉಳಿಸಿಕೊಂಡ ಲೆಕ್ಕ ಅದು. ಮಣ್ಣಿನ ತಾಳ್ಮೆ ಮ್ಯಾಟಿನ ಗಣಿತಕ್ಕೆ ಇಷ್ಟು ಚೆನ್ನಾಗಿ ಹೊಂದಿದ್ದು ಅಪರೂಪ.

2016ರ ರಿಯೋದಲ್ಲಿ ಸಾಕ್ಷಿ ಮಲಿಕ್ 58 ಕೆ.ಜಿ. ಕಂಚಿನ ಕುಸ್ತಿಯಲ್ಲಿ ಮೊದಲ ಸುತ್ತಿಗೆ 0-5 ಹಿಂದಿದ್ದು ಕೊನೆಗೆ 8-5ರಿಂದ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ರವಿ ದಹಿಯಾ 2-9 ಹಿಂದಿದ್ದರು. ಕೆಳಗಿದ್ದ ಕಜಕಿಸ್ತಾನದ ಸನಾಯೆವ್ ತೋಳು ಕಚ್ಚಿದರೂ ಹಿಡಿ ಬಿಡದೆ ಚಿತ್ ಮಾಡಿದರು. ಅಂಕಫಲಕವನ್ನಷ್ಟೇ ನೋಡುತ್ತ ಕೂತವರು ಈ ಎರಡು ಕುಸ್ತಿಗಳಲ್ಲೂ ಅರ್ಧಕ್ಕೇ ಎದ್ದುಹೋಗುತ್ತಿದ್ದರು. ಎದುರಾಳಿಯ ಹೆಜ್ಜೆ ಭಾರವಾಗುತ್ತಿದ್ದುದನ್ನು ಕಂಡವರು ಕೂತೇ ಇರುತ್ತಿದ್ದರು.

ಪೈಲ್ವಾನನ ಬದುಕು

ಒಂದು ಕುಸ್ತಿಯನ್ನು ಓದಲು ಬಂದ ಮೇಲೆ ಮುಂದಿನದು ಒಬ್ಬ ಪೈಲ್ವಾನನನ್ನು ವರ್ಷಗಟ್ಟಲೆ ಓದುವುದು. ಇದಕ್ಕೆ ಖಾಶಾಬಾ ಜಾಧವರ ಬದುಕಿಗಿಂತ ಒಳ್ಳೆಯ ಪಾಠವಿಲ್ಲ. ಅವರು 1926ರಲ್ಲಿ ಸಾತಾರಾ ಜಿಲ್ಲೆಯ ಕರಾಡ ಬಳಿಯ ಗೋಳೇಶ್ವರದಲ್ಲಿ ಹುಟ್ಟಿದರು. ಮಣ್ಣಿನಲ್ಲಿ ಬೆಳೆದು, 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟೂ ಅದರ ನಿಯಮಗಳೂ ಹೊಸವು, ಆದರೂ ಆರನೆಯವರಾದರು. ನಾಲ್ಕು ವರ್ಷ ಕಳೆದು ಹೆಲ್ಸಿಂಕಿಗೆ ಹೊರಡಲು ಹಣವಿರಲಿಲ್ಲ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೀಕರ್ ತಮ್ಮ ಮನೆಯನ್ನೇ 7,000 ರೂಪಾಯಿಗೆ ಒತ್ತೆ ಇಟ್ಟರು. 1952ರಲ್ಲಿ ಬ್ಯಾಂಟಮ್‌ವೇಟ್ ಫ್ರೀಸ್ಟೈಲ್‌ನಲ್ಲಿ ಜಾಧವ್ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಬಂದ ಮೊದಲ ವೈಯಕ್ತಿಕ ಪದಕ ಅದು. ಅವರ ಹೆಸರಾದ ಪಟ್ಟು ಢಾಕ್, ಮಣ್ಣಿನಲ್ಲಿ ಕಲಿತದ್ದು. ಜಪಾನಿನ ಇಶಿಯ ಜೊತೆ ದೀರ್ಘ ಕುಸ್ತಿ ಆಡಿ ಬಂದ ತಕ್ಷಣವೇ ಸೋವಿಯತ್ ಪೈಲ್ವಾನನ ಎದುರು ಅವರನ್ನು ಇಳಿಸಲಾಯಿತು. ನಡುವೆ ಸಿಗಬೇಕಾದ ಅರ್ಧ ಗಂಟೆಯ ವಿಶ್ರಾಂತಿಗಾಗಿ ವಾದಿಸಲು ಭಾರತದ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ. 1955ರಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದರು, 1984ರಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಸಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ನೋಡುಗರಿಗೆ ಎಟುಕದ ಎಷ್ಟೋ ಸಂಗತಿಗಳು ಒಂದು ಪದಕವನ್ನು ತೀರ್ಮಾನಿಸುತ್ತವೆ ಎಂಬುದಕ್ಕೆ ಜಾಧವರ ಆ ಅರ್ಧ ಗಂಟೆಯೇ ಸಾಕ್ಷಿ.

ಇಂದಿನ ಹಾದಿ ಬೇರೆ. ಹಳ್ಳಿಯ ಗರಡಿಯಲ್ಲಿ ಹೊರಳಾಡಿದ ಹುಡುಗ ಹತ್ತು ಹನ್ನೆರಡರ ಹೊತ್ತಿಗೆ ಕ್ರೀಡಾ ನಿಲಯದ ಆಯ್ಕೆಗೆ ನಿಲ್ಲುತ್ತಾನೆ. ಆಮೇಲೆ ಬೆಳಿಗ್ಗೆ ಓಟ, ಬಸ್ಕಿ, ದಂಡ, ಹಗ್ಗ ಹತ್ತುವುದು, ಸಂಜೆ ಮ್ಯಾಟು. ಶಾಲಾ ಕ್ರೀಡೆ, ರಾಜ್ಯ, ರಾಷ್ಟ್ರ ಹೀಗೆ ಮೆಟ್ಟಿಲು. ಜೊತೆಜೊತೆಗೆ ಜಾತ್ರೆಯ ಕುಸ್ತಿಗಳು, ಮೈಸೂರು ದಸರಾದ ಕಣ. ಮಣ್ಣಿನ ಮೈದಾನ ಇನಾಮು ಕೊಡುತ್ತದೆ, ಮ್ಯಾಟಿನ ಪ್ರಮಾಣಪತ್ರ ಪೊಲೀಸು, ರೈಲ್ವೆ, ಸೇನೆಯ ಕೆಲಸಕ್ಕೆ ದಾರಿಯಾಗುತ್ತದೆ. ಆದ್ದರಿಂದಲೇ ಒಬ್ಬನೇ ಪೈಲ್ವಾನ ಎರಡನ್ನೂ ಬಿಡಲಾರ.

ಹುಡುಗಿಯರು ಬಂದ ಮೇಲೆ ಹಳಿಯಾಳದ ಕುಸ್ತಿಯ ಮುಖವೇ ಬದಲಾಯಿತು. ಒಲಿಂಪಿಕ್ಸ್‌ಗೆ ಮಹಿಳಾ ಕುಸ್ತಿ ಸೇರಿದ್ದು 2004ರಲ್ಲಿ, ಅದೂ ಫ್ರೀಸ್ಟೈಲ್ ಮಾತ್ರ. ಗರಡಿಗೆ ಹೆಂಗಸರು ಕಾಲಿಡಬಾರದೆಂಬ ಕಟ್ಟುಪಾಡು ಮ್ಯಾಟಿಗೆ ಅಂಟಲಿಲ್ಲ. ಈ ಸೀಮೆಯ ಸಿದ್ದಿ ಸಮುದಾಯದಿಂದ ಬಂದ ಹಳಿಯಾಳದ ಲೀನಾ ಸಿದ್ದಿ ರಾಷ್ಟ್ರಮಟ್ಟದ ಕಣಗಳಿಗೆ ಏರಿದರು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿಕೊಂಡಾಗ ಅವರನ್ನು ಮುಖ್ಯವಾಗಿ ಓಟದ ಅಂಗಳಕ್ಕೆ ಕಳಿಸಿತ್ತು, ಆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಕುಸ್ತಿ ಸಿದ್ದಿ ಮಕ್ಕಳಿಗೆ ಸಿಕ್ಕಿದ್ದು ಮನೆಯ ಹತ್ತಿರದಲ್ಲೇ. ಹುಡುಗಿಯರ ಕುಸ್ತಿಯನ್ನು ಮನಸ್ಸಿಟ್ಟು ನೋಡಿದವರಿಗೆ ಒಂದು ಲಾಭವಿದೆ: ತೋಳ್ಬಲದ ಗದ್ದಲ ಕಡಿಮೆ, ಪಟ್ಟಿನ ಕಟ್ಟು ಬಿಚ್ಚಿಟ್ಟಂತೆ ಕಾಣುತ್ತದೆ. ಕಲಿಯುವವರು ಇಲ್ಲಿಂದ ಶುರು ಮಾಡುವುದು ಮೇಲು.

ತೂಕದ ಕಷ್ಟವನ್ನು ನೋಡುಗರು ಸದಾ ನೆನಪಿಡಬೇಕು. ಪುರುಷರ ಫ್ರೀಸ್ಟೈಲ್‌ನ ಒಲಿಂಪಿಕ್ ವಿಭಾಗಗಳು 57ರಿಂದ 125 ಕೆ.ಜಿ.ವರೆಗೆ ಆರು, ಮಹಿಳೆಯರದು 50ರಿಂದ 76ರವರೆಗೆ ಆರು. ನಡುವಿನ ತೂಕದವರು ಮೇಲೆ ಹೋಗಬೇಕು ಇಲ್ಲವೇ ಇಳಿಯಬೇಕು. ಸ್ಪರ್ಧೆಯ ಬೆಳಿಗ್ಗೆ ತೂಕ, ಎರಡನೆಯ ದಿನ ಉಳಿದವರಿಗೆ ಮತ್ತೆ ತೂಕ. ಸುಸಾಕಿಯನ್ನು ಗೆದ್ದ ವಿನೇಶ್ ಮರುದಿನ 100 ಗ್ರಾಂ ಹೆಚ್ಚಿದ್ದುದಕ್ಕೆ ಫೈನಲ್ ಆಡದೇ ಹೊರಬಿದ್ದರು. ಅದೇ ಕೂಟದಲ್ಲಿ ಅಮನ್ ಸೆಹ್ರಾವತ್ ರಾತ್ರಿಯೊಳಗೆ 4.6 ಕೆ.ಜಿ. ಇಳಿಸಿ ಕಂಚಿನ ಕುಸ್ತಿಗೆ ನಿಂತರು. ಮೊದಲ ನಿಮಿಷದಲ್ಲೇ ತುಟಿ ಒಣಗಿದವರನ್ನು ಕಂಡರೆ, ಅವರ ಮೊದಲ ಕುಸ್ತಿ ಹಿಂದಿನ ರಾತ್ರಿಯೇ ನಡೆದಿದೆ ಎಂದು ತಿಳಿಯಬೇಕು.

ಸೋತವರಿಗೂ ಒಂದು ಬಾಗಿಲು ಉಂಟು. ತಮ್ಮನ್ನು ಸೋಲಿಸಿದವರು ಫೈನಲ್ ಮುಟ್ಟಿದರೆ, ಸೋತವರು ರೆಪೆಶಾಜ್ ಮೂಲಕ ಕಂಚಿಗೆ ಸೆಣಸಬಹುದು. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್, 2016ರಲ್ಲಿ ಸಾಕ್ಷಿ ಇಬ್ಬರೂ ಈ ಬಾಗಿಲಿಂದಲೇ ಬಂದವರು.

ಮೈದಾನದ ದಿನ

ಮಣ್ಣಿನ ಕುಸ್ತಿಗೆ ಹೊತ್ತಿಗೆ ಮುಂಚೆ ಹೋಗಿ ಅಖಾಡದ ಅಂಚಿನಲ್ಲಿ ನೆಲಕ್ಕೇ ಕೂರುವುದು ಲೇಸು. ಎತ್ತರದಿಂದ ತೋಳು ಕಾಣುತ್ತದೆ, ನೆಲದ ಮಟ್ಟದಿಂದ ಪಾದ. ಮ್ಯಾಟಿಗಾದರೆ ತುಸು ಎತ್ತರದಲ್ಲಿ, ರೆಫರಿಯ ಎರಡೂ ಕೈ ಕಾಣುವ ಕಡೆ ಕೂರಬೇಕು. ಮೊದಲ ದಿನ ಒಬ್ಬರನ್ನಷ್ಟೇ ಆರಿಸಿಕೊಂಡು, ಆರೂ ನಿಮಿಷ ಅವರ ಮುಂಗಾಲಿನಿಂದ ಕಣ್ಣು ಕೀಳದೆ ನೋಡಿದರೆ ಸಾಕು.

ಸುತ್ತ ಕೂತವರಲ್ಲಿ ಹಳೆಯ ಪೈಲ್ವಾನರನ್ನು ಗುರುತಿಸುವುದು ಸುಲಭ. ವರ್ಷಗಟ್ಟಲೆ ಮಣ್ಣಿಗೂ ಎದುರಾಳಿಯ ತಲೆಗೂ ಉಜ್ಜಿ ಕಿವಿಯ ಮಡಿಕೆಗಳೆಲ್ಲ ಮುಚ್ಚಿ ಗಂಟಾಗಿರುತ್ತವೆ. ಮೂವತ್ತರ ಆಸುಪಾಸಿಗೆ ಮಂಡಿ, ಭುಜ ಮಾತು ಕೇಳುವುದು ನಿಲ್ಲಿಸಿದ ಮೇಲೆ ಅವರಲ್ಲಿ ಕೆಲವರು ವಸ್ತಾದರಾಗುತ್ತಾರೆ, ಕೆಲವರು ಕೋಚ್ ಅಥವಾ ರೆಫರಿ, ಉಳಿದವರು ಹೊಲಕ್ಕೆ ಮರಳುತ್ತಾರೆ. ಜಾತ್ರೆಯ ದಿನ ಫೇಟಾ ಸುತ್ತಿಸಿಕೊಂಡು ಅಖಾಡಕ್ಕೆ ಬರುವುದು ಮಾತ್ರ ತಪ್ಪದು. ಅವರ ಪಕ್ಕದಲ್ಲಿ ಜಾಗ ಸಿಕ್ಕರೆ ಕೈಪಿಡಿಯನ್ನು ಬದಿಗಿಟ್ಟು ಅವರ ಮಾತಿಗೆ ಕಿವಿಗೊಡುವುದೇ ಸರಿ. ಜೋಡಿ ಕಟ್ಟುವ ಹೊತ್ತಿಗೆ ಅವರು ಎದ್ದುಹೋಗಿ, ಹತ್ತು ವರ್ಷದ ಹುಡುಗನೊಬ್ಬನ ಕುತ್ತಿಗೆಯ ಹಿಂದೆ ಕೈಯಿಟ್ಟು ಮೆಲ್ಲಗೆ ಜಗ್ಗಿ, ಅವನು ತಲೆಯನ್ನು ಮೇಲಕ್ಕೆ ಒತ್ತುತ್ತಾನೋ ಕಾಲನ್ನು ಹಿಂದಕ್ಕೆ ಜರುಗಿಸುತ್ತಾನೋ ನೋಡುತ್ತಾರೆ.